ಬೆಕ್ಕಿನ ಕಾಲ್ಗುಣ

ಹೊಸ ವರ್ಷದ ತೆತ್ ಹಬ್ಬದ ಮೊದಲ ದಿನ, ಬೆಳಿಗ್ಗೆ ಆರೂಮುಕ್ಕಾಲು. ದಿಯೆನ್ ಹೊಸ ಕೆಂಪಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಹೊರಗೆ ಬಂದು ನೋಡಿದರೆ, ಬೈಕಿನ ಹಿಂದಿನ ಚಕ್ರ ನೆಲ ಕಚ್ಚಿ ಕೂತಿತ್ತು. ಕರೆಯದೆ ಬಂದು ಊಟಕ್ಕೆ ಕೂತ ನೆಂಟನ ಹಾಗೆ, ಏಳುವ ಲಕ್ಷಣವೇ ಇಲ್ಲ.

ಕುಕ್ಕರಗಾಲಲ್ಲಿ ಕೂತು ಟೈರು ತಡವಿದ. ಬೆರಳಿಗೆ ಮೊಳೆ ಸಿಕ್ಕಿತು. ಕಿತ್ತು ಬೆಳಕಿಗೆ ಹಿಡಿದ. ಅರ್ಧ ಬೆರಳುದ್ದ, ಸೊಂಟದಲ್ಲಿ ಬಗ್ಗಿದ್ದು, ತಲೆಗೆ ನೀಲಿ ಬಣ್ಣ. ಆ ಓಣಿಯಲ್ಲಿ ನೀಲಿ ಬಣ್ಣ ಇದ್ದದ್ದು ಒಂದೇ ಕಡೆ, ಎದುರುಮನೆಯ ಬಡಗಿ ಲಾಮ್ ಚಿಕ್ಕಪ್ಪನ ಗೇಟಿಗೆ. ಹಬ್ಬಕ್ಕೆ ಮೂರು ದಿನ ಮುಂಚೆ ಅವನು ಗೇಟಿನ ಹಳೇ ಹಲಗೆ ಕಿತ್ತು ಹೊಸದು ಬಡಿದಿದ್ದ. ಹಳೇ ಮೊಳೆಗಳನ್ನು ಓಣಿಗೆ ದಾನ ಮಾಡಿದ್ದ.

ದಿಯೆನ್ ಮೊಳೆಯನ್ನು ಕಾಲುವೆಗೆ ಎಸೆಯಲು ಕೈ ಬೀಸಿದ.

"ಎಸೀಬೇಡ್ವೋ!" ಬಾಗಿಲಲ್ಲಿ ಕೂತಿದ್ದ ಅಜ್ಜಿ ಕೂಗಿದಳು. "ಇವತ್ತು ಮನೆಯಿಂದ ಒಂದು ಕಡ್ಡಿ ಕೂಡ ಆಚೆ ಹೋಗ್ಬಾರ್ದು. ಹೋದ್ರೆ ಅದೃಷ್ಟಾನೂ ಅದರ ಹಿಂದೇನೇ ಹೋಗುತ್ತೆ."

"ಇದು ನಮ್ದಲ್ಲ ಅಜ್ಜಿ, ಲಾಮ್ ಚಿಕ್ಕಪ್ಪಂದು."

"ನಮ್ಮ ಚಕ್ರದಲ್ಲಿ ಇತ್ತು ತಾನೆ? ನಮ್ಮನೆಗೆ ಬಂದದ್ದು ನಮ್ದು. ಜೇಬಲ್ಲಿಟ್ಕೊ."

ಬಡವರ ಮನೆಯ ಅದೃಷ್ಟ ಎಂದರೆ ಇಷ್ಟೇ, ಮೊಳೆಯ ಗಾತ್ರದ್ದು. ಆದರೂ ಕಾಯಬೇಕು. ದಿಯೆನ್ ಅದನ್ನು ಪ್ಯಾಂಟಿನ ಜೇಬಿಗೆ, ಕರವಸ್ತ್ರದ ಜೊತೆ ತುರುಕಿದ.

ಬೇರೆ ದಿನವಾಗಿದ್ದರೆ ಪಂಕ್ಚರು ಪಂಕ್ಚರೇ. ಇವತ್ತು ಒಂಬತ್ತು ಗಂಟೆಯೊಳಗೆ ಅವನು ಕ್ವಾಂಗ್ ಧಣಿಯ ಹೊಸ್ತಿಲು ತುಳಿಯಬೇಕಿತ್ತು. ಎಲ್ಲರಿಗಿಂತ ಮೊದಲು.

ಕ್ವಾಂಗ್ ಧಣಿಯ ಕಲ್ಲಂಗಡಿ ಮಂಡಿಯಲ್ಲಿ ದಿಯೆನ್ ನಾಲ್ಕು ವರ್ಷದಿಂದ ಕೂಲಿ. ದೋಣಿಯವನು ಎಸೆದ ಹಣ್ಣನ್ನು ಗಾಳಿಯಲ್ಲೇ ಹಿಡಿದು ಲಾರಿಯ ಮೇಲಿದ್ದವನಿಗೆ ಎಸೆಯುವುದು ಅವನ ಕೆಲಸ. ನಾಲ್ಕು ವರ್ಷದಲ್ಲಿ ಅವನ ಕೈಜಾರಿ ಒಡೆದದ್ದು ಎರಡೇ ಹಣ್ಣು. ಎರಡೂ ಸಲ ಧಣಿಯ ಮಗಳು ಥಾವ್ ಎದುರಿಗೆ ಹಾದುಹೋಗುತ್ತಿದ್ದಳು. ಮೊದಲನೇ ಸಲ ಅವಳು ಹಣ್ಣನ್ನು ನೋಡಿದಳು, ಎರಡನೇ ಸಲ ಅವನನ್ನು. ಮುಂದಿನದು ಮಂಡಿಗೆಲ್ಲ ಗೊತ್ತಾಯಿತು, ಧಣಿಗೂ ಗೊತ್ತಾಯಿತು. ಧಣಿ ಕಿರುಚಾಡಲಿಲ್ಲ. "ನಿನ್ನ ಕೈ ನನ್ನ ಮಂಡಿಗೆ ಬೇಕು. ಕಾಲು ನನ್ನ ಹೊಸ್ತಿಲ ಹತ್ರ ತರಬೇಡ" ಎಂದಿದ್ದ, ಅಷ್ಟೇ.

ಈಗ ಅದೇ ಕಾಲು ಬೇಕಾಗಿತ್ತು.

ಹೊಸ ವರ್ಷದ ದಿನ ಮನೆಯೊಳಗೆ ಮೊದಲು ಕಾಲಿಟ್ಟವನ ಕಾಲ್ಗುಣವೇ ಆ ಮನೆಗೆ ವರ್ಷವಿಡೀ ಗತಿ. ಹೋದ ವರ್ಷ ಧಣಿ ಬ್ಯಾಂಕಿನ ಮ್ಯಾನೇಜರನನ್ನು ಕರೆಸಿದ್ದ. ಹಣ್ಣು ತುಂಬಿದ ದೋಣಿ ಮುಳುಗಿತು. ಅದಕ್ಕೆ ಮುಂಚಿನ ವರ್ಷ ಹೆಡ್ಮಾಸ್ತರನನ್ನು ಕರೆಸಿದ್ದ. ಹಣ್ಣು ದಡದಲ್ಲೇ ಕೊಳೆಯಿತು. ದೊಡ್ಡ ಮನುಷ್ಯರ ಕಾಲಿನ ಮೇಲೆ ಧಣಿಗೆ ನಂಬಿಕೆ ಹೊರಟುಹೋಯಿತು. ಆಗ ಥಾವ್ ಪಂಚಾಂಗದ ಹಾಳೆಯನ್ನು ಚಹಾದ ತಟ್ಟೆಯಲ್ಲಿಟ್ಟು ಅಪ್ಪನ ಮುಂದೆ ತಂದಳು. ಈ ಸಲ ಎಲ್ಲರಿಗೂ ಬೆಕ್ಕಿನ ವರ್ಷದಲ್ಲಿ ಹುಟ್ಟಿದವರ ಕಾಲು ಒಳ್ಳೆಯದು, ಅದರಲ್ಲೂ ಹಂದಿಯ ವರ್ಷದಲ್ಲಿ ಹುಟ್ಟಿದವರಿಗೆ ಅತ್ಯುತ್ತಮ ಎಂದು ಅದರಲ್ಲಿ ಅಚ್ಚಾಗಿತ್ತು. ವರ್ಷಕ್ಕೊಂದರಂತೆ ಹನ್ನೆರಡು ಪ್ರಾಣಿಗಳು ಸರದಿಯಲ್ಲಿ ಬರುತ್ತವೆ; ಧಣಿ ಹುಟ್ಟಿದ್ದು ಹಂದಿಯ ವರ್ಷದಲ್ಲಿ. ದಿಯೆನ್‌ನ ಗುರುತಿನ ಚೀಟಿಯಲ್ಲಿ ತೊಂಬತ್ತೊಂಬತ್ತನೇ ಇಸವಿ ಎಂದಷ್ಟೇ ಇತ್ತು. ತೊಂಬತ್ತೊಂಬತ್ತು ಎಂದರೆ ಬೆಕ್ಕು. ಚಿಕ್ಕ ಮಗುವಿಗೂ ಗೊತ್ತು.

"ನಿನ್ನ ಕಾಲು ಒಳಗೆ ಬಂದ್ರೆ ಮಿಕ್ಕಿದ್ದೂ ಬರುತ್ತೆ" ಎಂದಿದ್ದಳು ಥಾವ್. "ಅಪ್ಪನ ಮುಖ ಅರಳಿದ ಕೂಡ್ಲೆ ನಮ್ಮ ವಿಷಯ ಎತ್ತು. ಮೊದಲ ದಿನ ಯಾರೂ 'ಇಲ್ಲ' ಅನ್ನೋ ಹಾಗಿಲ್ಲ. ಅಂದ್ರೆ ವರ್ಷವಿಡೀ 'ಇಲ್ಲ' ಅನ್ನೋದೇ ಆಗುತ್ತೆ. ತಡ ಮಾಡಿದ್ರೆ ಮಾತ್ರ ನನ್ನ ಮರೆತುಬಿಡು, ಒಂಬತ್ತಕ್ಕೆ ಅಪ್ಪ ಬೇರೆ ಬೆಕ್ಕು ಹುಡುಕ್ತಾನೆ."

ಧಣಿಯ ಮನೆ ಹದಿನಾಲ್ಕು ಕಿಲೋಮೀಟರು, ಸೇತುವೆಯ ಆಚೆ. ಇವತ್ತು ಒಂದು ಪಂಕ್ಚರ್ ಅಂಗಡಿಯೂ ತೆರೆದಿರುವುದಿಲ್ಲ. ನಡೆದರೆ ಹತ್ತು ಗಂಟೆ ದಾಟುತ್ತದೆ. ದಿಯೆನ್ ಅಡುಗೆಮನೆಗೆ ಹೋಗಿ ಎರಡು ಚಮಚ, ಒಂದು ಪಾನಾ, ಒಂದು ಬೇಸಿನ್ನು ನೀರು ತಂದು ಚಕ್ರದ ಪಕ್ಕ ಇಟ್ಟ. ಪಂಪು ಇಲ್ಲ, ಪ್ಯಾಚಿಲ್ಲ, ಸಲ್ಯೂಷನ್ನಿಲ್ಲ. ಎದುರುಮನೆಗೆ ಹೋದ.

"ಚಿಕ್ಕಪ್ಪಾ, ಹೊಸ ವರ್ಷದ..."

"ನಿಲ್ಲು! ಅಲ್ಲೇ ನಿಲ್ಲು! ಒಂದು ಹೆಜ್ಜೆ ಮುಂದಿಟ್ಟೀಯೆ!" ಲಾಮ್ ಚಡ್ಡಿಯಲ್ಲೇ ಓಡಿಬಂದು ನೀಲಿ ಗೇಟನ್ನು ಒಳಗಿನಿಂದ ಎರಡೂ ಕೈಯಲ್ಲಿ ಒತ್ತಿ ಹಿಡಿದ. ಅಪ್ಪ ಇಲ್ಲದವನು, ಅಮ್ಮ ಇಲ್ಲದವನು, ಕೂಲಿಯವನು. ಅಂಥವನ ಕಾಲು ಮೊದಲು ಒಳಗೆ ಬಂದರೆ ಮನೆಯ ಗತಿ ಏನು?

"ಒಳಗೆ ಬರಲ್ಲ ಚಿಕ್ಕಪ್ಪ. ಒಂದು ಹತ್ತು ನಿಮಿಷ ಪಂಪು ಕೊಡಿ."

"ಪಂಪಾ? ಮೊದಲ ದಿನ ಸಾಮಾನು ಎರವಲು ಕೊಟ್ರೆ ವರ್ಷವಿಡೀ ಕೊಡ್ತಾನೇ ಇರ್ಬೇಕು. ನಿಂಗೆ ಅಷ್ಟೂ ಗೊತ್ತಿಲ್ವಾ?"

"ನಿಮ್ಮದೇ ಮೊಳೆ ಚಿಕ್ಕಪ್ಪ. ನೋಡಿ, ನೀಲಿ ತಲೆ."

ಲಾಮ್ ಗೇಟಿನ ಸಂದಿಯಿಂದ ಮೊಳೆಯನ್ನು ನೋಡಿದ. ಗುರುತು ಹಿಡಿದದ್ದು ಅವನ ಕಣ್ಣಲ್ಲಿ ಕಂಡಿತು. "ಅದು ಹಳೇ ವರ್ಷದ ಮೊಳೆ" ಎಂದ. "ಹಳೇ ವರ್ಷದ ಜಗಳ ನಿನ್ನೆಗೆ ಮುಗೀತು."

"ಚಿಕ್ಕಪ್ಪಾ, ಕ್ವಾಂಗ್ ಧಣಿ ಕಾಯ್ತಿದ್ದಾರೆ. ಮೊದಲ ಕಾಲು ಇಡೋಕೆ ನನ್ನೇ ಕರೆಸಿದ್ದಾರೆ."

"ನಿನ್ನನ್ನಾ?" ಲಾಮ್ ನಕ್ಕ. "ಯಾಕೆ, ಊರಲ್ಲಿ ಮನುಷ್ಯರು ಸಿಗ್ಲಿಲ್ವಾ?"

"ನಾನು ಬೆಕ್ಕಿನ ವರ್ಷದವನಲ್ವಾ, ಅದಕ್ಕೆ."

ಗೇಟು ಒತ್ತಿ ಹಿಡಿದಿದ್ದ ಕೈ ಸಡಿಲಾಯಿತು. ಲಾಮ್‌ನ ಮುಖ ಬಾಡಿದ ಸೊಪ್ಪಿಗೆ ನೀರು ಬಿದ್ದಂತೆ ನಿಧಾನಕ್ಕೆ ಎದ್ದು ನಿಂತಿತು. "ಬೆಕ್ಕಾ? ಮುಂಚೆ ಯಾಕೋ ಹೇಳ್ಲಿಲ್ಲ? ಬಾ ಮಗನೇ, ಬಾರೋ ಒಳಗೆ! ಏ ಇವಳೇ, ಕಡುಬು ತಾರೇ, ಬೆಕ್ಕು ಬಂದಿದೆ!"

ಓಣಿಯ ಈಚೆ ಬದಿಯಿಂದ ಅಜ್ಜಿ ಕೂಗಿದಳು. "ದಿಯೆನ್! ಅವರಿಗೆ ಹೇಳೋ, ನೀನು ಹುಟ್ಟಿದಾಗ ಕಡುಬಿನ ಹಂಡೆ ಇನ್ನೂ ಒಲೆ ಮೇಲಿತ್ತು ಅಂತ!"

"ಆಮೇಲೆ ಅಜ್ಜಿ!"

ಹಂಡೆಯ ಕತೆಯನ್ನು ಅಜ್ಜಿ ವರ್ಷಕ್ಕೆ ನೂರು ಸಲ ಹೇಳುತ್ತಿದ್ದಳು. ಓಣಿಯವರೆಲ್ಲ ಅಷ್ಟು ಸಲ ಕೇಳಿದ್ದರಿಂದ ಯಾರೂ ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ದಿಯೆನ್ ಬಲಗಾಲಿಟ್ಟು ಒಳಗೆ ಹೋದ. ನೂರು ವರ್ಷ ಬಾಳಿ ಎಂದ, ಹಣ ನೀರಿನ ಹಾಗೆ ಹರಿದು ಬರಲಿ ಎಂದ, ಅಂಟಕ್ಕಿ ಕಡುಬಿನ ಎರಡು ದಪ್ಪ ಬಿಲ್ಲೆ ತಿಂದ, ಹಂದಿಮಾಂಸದ ಸಾರಿನಲ್ಲಿದ್ದ ಮೊಟ್ಟೆಯನ್ನು ನುಂಗಿದ. ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲಿತ್ತು. ಏಳೂಕಾಲು.

"ಪಂಪು ಎರವಲು ಕೊಡೋಕಾಗಲ್ಲ" ಎಂದ ಲಾಮ್ ಪಂಪನ್ನು ಕೈಗಿಡುತ್ತ. "ಉಡುಗೊರೆ ಕೊಡ್ಬಹುದು. ಇದು ನಿಂಗೆ ಉಡುಗೊರೆ. ನಾಡಿದ್ದು ನೀನು ಇದನ್ನ ನಂಗೆ ಉಡುಗೊರೆ ಕೊಡು. ಮರೀಬೇಡ."

ಬೆಕ್ಕಿನ ಸುದ್ದಿ ಓಣಿಯಲ್ಲಿ ಅವನಿಗಿಂತ ಮುಂದೆ ಓಡಿತ್ತು. ಮೂರನೇ ಮನೆಯ ಊತ್ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ತುಕ್ಕು ಹಿಡಿದ ತಗಡಿನ ಡಬ್ಬಿ. ಅವಳ ಗಂಡ ಇದ್ದಾಗ ಸೈಕಲ್ ಅಂಗಡಿ ಇಟ್ಟಿದ್ದ. "ಇದ್ರಲ್ಲಿ ಒಂದು ಪ್ಯಾಚು, ಒಂದು ಸಲ್ಯೂಷನ್ ಟ್ಯೂಬು ಇದೆ" ಎಂದು ಡಬ್ಬಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಮೊದಲು ಒಳಗೆ ಬಾ. ಹೋದ ವರ್ಷ ಇದೇ ಬಾಗಿಲಿಗೆ ಬಂದು ನಿಂತಾಗ ಪೊರಕೆ ತೋರಿಸ್ದೆ ಅಂತ ಮನಸ್ಸಲ್ಲಿ ಇಟ್ಕೋಬೇಡ. ಆಗ ನೀನು ಬೆಕ್ಕು ಅಂತ ನಂಗೇನು ಗೊತ್ತು?"

ಒಳಗೆ ಹೋದ. ಅತ್ತೆ ಅವನ ಎದುರಿಗೇ ಕಲ್ಲಂಗಡಿ ಕೊಯ್ದಳು. ಹಣ್ಣು ರಕ್ತದ ಹಾಗೆ ಕೆಂಪಗಿತ್ತು. "ಕಾಲ್ಗುಣ ಅಂದ್ರೆ ಇದು! ಇಷ್ಟು ಕೆಂಪು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ" ಎಂದು ಅವನಿಗೆ ಮೂರು ಹೋಳು ತಿನ್ನಿಸಿದಳು. ವರ್ಷದಲ್ಲಿ ಲಕ್ಷ ಕಲ್ಲಂಗಡಿ ಹಿಡಿಯುವವನಿಗೆ ಕಲ್ಲಂಗಡಿ ಕಂಡರೆ ಹೊಟ್ಟೆ ತೊಳೆಸುತ್ತಿತ್ತು. ನಕ್ಕು ತಿಂದ. ಏಳೂವರೆ.

ಚಕ್ರ ಬಿಚ್ಚಲು ಕೂತಾಗ ನೋಡಲು ಒಬ್ಬ ಬಂದ. ಬೈಕ್ ಬಾಡಿಗೆ ಹೊಡೆಯುವ ತಾಂಗ್ ಅಣ್ಣ. ಹಲ್ಲು ಚುಚ್ಚುತ್ತ ಎದುರಿಗೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡ.

"ತಾಂಗಣ್ಣ, ನೀನು ನನ್ನ ಅಲ್ಲಿಗೆ ಬಿಟ್ಟುಬಿಡಲ್ವಾ?"

"ಮೊದಲ ದಿನ ಗಾಡಿ ಮುಟ್ಟಿದ್ರೆ ವರ್ಷವಿಡೀ ದುಡೀಬೇಕಾಗುತ್ತೆ" ಎಂದ ತಾಂಗ್. ಅವನು ಉಳಿದ ದಿನವೂ ಅಷ್ಟೇನೂ ಮುಟ್ಟುತ್ತಿರಲಿಲ್ಲ. "ನೀನು ಮಾಡು, ನಾನು ಹೇಳ್ತೀನಿ."

ದಿಯೆನ್ ಚಕ್ರ ಬಿಚ್ಚಿದ, ಚಮಚದ ಹಿಡಿ ತೂರಿಸಿ ಟೈರಿನ ಅಂಚು ಎಬ್ಬಿಸಿದ, ಟ್ಯೂಬು ಎಳೆದ, ಗಾಳಿ ತುಂಬಿ ಬೇಸಿನ್ನಿನ ನೀರಿಗೆ ಅದ್ದಿದ. ಒಂದು ಕಡೆ ಗುಳುಗುಳು ಎಂದು ಗುಳ್ಳೆ ಎದ್ದಿತು. ಬೆಂಕಿಪೊಟ್ಟಣದ ಒರಟು ಬದಿಯಿಂದ ಉಜ್ಜಿ, ಸಲ್ಯೂಷನ್ ಹಚ್ಚಿದ.

"ಊದಬೇಡ, ಉಗುಳು ಬೀಳುತ್ತೆ" ಎಂದ ತಾಂಗ್. ಊದಲಿಲ್ಲ. "ಊದೋ, ಯಾವಾಗ ಒಣಗುತ್ತೆ ಅದು?" ಎಂದ ತಾಂಗ್. ಊದಿದ. "ನೋಡು, ಉಗುಳು ಬಿತ್ತು" ಎಂದ ತಾಂಗ್.

ಪ್ಯಾಚು ಹಾಕಿ, ಒತ್ತಿ, ಟ್ಯೂಬು ಕೂರಿಸಿ, ಚಮಚದಿಂದ ಟೈರಿನ ಅಂಚನ್ನು ಒಳಗೆ ತಳ್ಳಿದ. ಕೊನೆಯ ಒಂದು ಗೇಣು ಹಟ ಹಿಡಿಯಿತು. ಭಾರ ಹಾಕಿ ಒತ್ತಿದ. ಟಪ್ಪೆಂದು ಒಳಗೆ ಹೋಯಿತು. ಪಂಪು ಹೊಡೆದ. ನಲವತ್ತು ಸಲ. ಹೊಡೆಯುವುದು ನಿಲ್ಲಿಸಿದಾಗ ಚಕ್ರದೊಳಗಿಂದ ಸ್ಸ್ಸ್ ಎಂದು ಯಾರೋ ಗುಟ್ಟು ಹೇಳಿದರು.

"ಚಮಚ ಟ್ಯೂಬನ್ನ ಕಚ್ಚಿದೆ" ಎಂದ ತಾಂಗ್, ತೃಪ್ತಿಯಿಂದ. "ಜಾಸ್ತಿ ಒಳಗೆ ಹಾಕ್ಬೇಡ ಅಂತ ಹೇಳೋಣ ಅಂತಿದ್ದೆ."

ಎಂಟು ಗಂಟೆ. ಹೊಸ ತೂತು, ಪ್ಯಾಚು ಇಲ್ಲ. ದಿಯೆನ್ ಎರಡೂ ಕೈ ನೆಲಕ್ಕೂರಿ ಕೂತ. ಅಂಗಿಯ ಎದೆಗೆ ಕಪ್ಪು ಅಂಗೈಯ ಗುರುತು ಬಿದ್ದಿತ್ತು; ಯಾವಾಗ ಬಿತ್ತೋ. ಥಾವ್ ಕಳಿಸಿದ ಅಂಗಿ ಅದು.

"ನನ್ನ ಸೀಟಿನ ಕೆಳಗೆ ಪೂರ್ತಿ ಒಂದು ಪೆಟ್ಟಿಗೆ ಪ್ಯಾಚಿದೆ" ಎಂದ ತಾಂಗ್. "ಬಾಡಿಗೆ ಗಾಡಿ ಅಂದ್ಮೇಲೆ ಇರ್ಬೇಕಲ್ಲ. ಸಲ್ಯೂಷನ್ನೂ ಇದೆ. ಟೈರ್ ಎಬ್ಬಿಸೋ ಕಬ್ಬಿಣಾನೂ ಇದೆ."

ದಿಯೆನ್ ತಲೆಯೆತ್ತಿದ. "ಅರ್ಧ ಗಂಟೆಯಿಂದ ಇಲ್ಲೇ ಕೂತಿದ್ದೀಯಲ್ಲೋ ಅಣ್ಣ! ಮುಂಚೆ ಹೇಳೋಕೆ ಏನಾಗಿತ್ತು?"

"ನೀನು ಕೇಳ್ಲಿಲ್ಲ. ಈಗ ನೀನು ನಮ್ಮನೆಗೂ ಒಂದು ಕಾಲಿಟ್ಟು ಬಂದ್ರೆ..."

"ಎರಡು ಮನೆ ಆಗಿದೆ. ಮೂರನೇದು ನಿಮ್ಮದು, ನಾಲ್ಕನೇದು ಧಣೀದು. ಅಲ್ಲಿಗೆ ಹೋಗೋ ಹೊತ್ತಿಗೆ ಕಾಲ್ಗುಣ ಉಳಿದಿರುತ್ತಾ?"

"ಯಾಕೆ, ಸವೆಯೋಕೆ ಅದೇನು ಚಪ್ಪಲೀನಾ?"

ತಾಂಗ್‌ನ ಮನೆಯಲ್ಲಿ ಸಕ್ಕರೆ ಪಾಕದ ಶುಂಠಿ ತಿಂದ, ಒಂದು ಗುಟುಕು ಅಕ್ಕಿ ಸಾರಾಯಿ ಕುಡಿದ, ನೂರು ವರ್ಷ ಬಾಳಿ ಎಂದ. ಮೂರನೇ ಸಲ ಹೇಳುವಾಗ ಆ ಮಾತು ಶಾಪದ ಹಾಗೆ ಕೇಳಿಸಿತು. ಮತ್ತೆ ಚಕ್ರ ಬಿಚ್ಚಿ, ಮತ್ತೆ ನೀರಿಗೆ ಅದ್ದಿ, ಮತ್ತೆ ಉಜ್ಜಿ, ಹಚ್ಚಿ, ಒತ್ತಿ, ಈ ಸಲ ಕಬ್ಬಿಣದಿಂದ ಕೂರಿಸಿ, ಪಂಪು ಹೊಡೆದ. ಚಕ್ರ ಗಟ್ಟಿಯಾಗಿ ನಿಂತಿತು. ದಾರಿಯಲ್ಲಿ ಏನಾದರೂ ಆದರೆ ಎಂದು ತಾಂಗ್‌ನ ಪ್ಯಾಚಿನ ಪೆಟ್ಟಿಗೆ, ಕಬ್ಬಿಣ ಎಲ್ಲವನ್ನೂ ಸೀಟಿನ ಕೆಳಗೆ ಹಾಕಿಕೊಂಡ. ಅದೂ ಉಡುಗೊರೆಯೇ. ಎಂಟೂ ಇಪ್ಪತ್ತೈದು.

ಧಣಿಯ ಗೇಟಿನ ಮುಂದೆ ಬೈಕು ನಿಲ್ಲಿಸಿದಾಗ ಒಂಬತ್ತಕ್ಕೆ ನಾಲ್ಕು ನಿಮಿಷವಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು. ದಿಯೆನ್ ಜೇಬಿಗೆ ಕೈಹಾಕಿ ಕರವಸ್ತ್ರ ಎಳೆದ, ಮುಖ ಒರೆಸಿಕೊಂಡ, ಅದರಲ್ಲೇ ಅಂಗಿಯ ಕಪ್ಪು ಗುರುತನ್ನು ಉಜ್ಜಿ ಇನ್ನಷ್ಟು ಅಗಲ ಮಾಡಿದ. ಕಾಲಡಿ ಎಲ್ಲೋ ಟಿಣ್ ಎಂದಿತು. ಊರೊಳಗೆ ಸಿಂಹದ ಕುಣಿತದವರು ತಾಳ ಬಾರಿಸುತ್ತಿದ್ದರು. ಅದಿರಬೇಕು ಎಂದುಕೊಂಡು ಬಲಗಾಲು ಮುಂದಿಟ್ಟ.

"ಬಂತು ಬೆಕ್ಕು!" ಕ್ವಾಂಗ್ ಧಣಿ ರೇಷ್ಮೆ ನಿಲುವಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದ. ನಾಲ್ಕು ವರ್ಷದಲ್ಲಿ ಧಣಿಯ ಹಲ್ಲು ಇಷ್ಟಿವೆ ಎಂದು ದಿಯೆನ್‌ಗೆ ಗೊತ್ತಿರಲಿಲ್ಲ. "ಬಾರಪ್ಪಾ, ಕೂತ್ಕೋ. ಮೊದಲು ನಮ್ಮನೆಗೇ ತಾನೆ ಬಂದದ್ದು?"

"ನಿಮ್ಮನೆಗೇ ಧಣಿ" ಎಂದ ದಿಯೆನ್. ಹೊಟ್ಟೆಯಲ್ಲಿ ಮೂರು ಮನೆಯ ಹಬ್ಬ ಗುಡುಗುಡು ಎಂದಿತು.

ಧಣಿಯ ಹೆಂಡತಿ ಚಹಾ ತಂದಳು. ಒಳಬಾಗಿಲ ಪರದೆಯ ಕೆಳಗೆ ಥಾವ್‌ಳ ಪಾದಗಳು ಕಂಡವು. ಧಣಿಯ ಮುಖ ಅರಳಿತ್ತು. ಇದೇ ಹೊತ್ತು ಎಂದು ದಿಯೆನ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಧಣಿಯ ಕಣ್ಣು ಅವನ ಉಗುರುಗಳ ಮೇಲೆ ಬಿತ್ತು.

"ಕೈಗೇನೋ ಅದು?"

"ಪಂಕ್ಚರ್ ಆಗಿತ್ತು ಧಣಿ. ಮನೇಲೇ ಕೂತು ಹಾಕಿದೆ. ಎರಡು ಪ್ಯಾಚು" ಎಂದ ದಿಯೆನ್. ಹೇಳುವಾಗ ಎದೆ ಸ್ವಲ್ಪ ಉಬ್ಬಿತು. "ಇಷ್ಟುದ್ದ ಮೊಳೆ. ಬಗ್ಗಿದ್ದು. ತಲೆಗೆ ನೀಲಿ ಬಣ್ಣ."

"ಭೇಷ್. ಗಂಡಸು ಅಂದ್ರೆ ಹಾಗಿರ್ಬೇಕು. ಮೊಳೆ ಎಸೆದ್ಯಾ?"

"ಇಲ್ಲ ಧಣಿ, ಅಜ್ಜಿ ಬಿಡ್ಲಿಲ್ಲ. ಜೇಬಲ್ಲೇ..." ದಿಯೆನ್ ಜೇಬಿಗೆ ಕೈಹಾಕಿದ. ಜೇಬಿನಲ್ಲಿ ಕರವಸ್ತ್ರವಿತ್ತು. ಕರವಸ್ತ್ರ ಮಾತ್ರ ಇತ್ತು.

ಟಿಣ್ ಎಂದ ಸ್ಥಳ ಅವನಿಗೆ ನೆನಪಾಯಿತು.

ಅಷ್ಟರಲ್ಲಿ ಧಣಿ ಎದ್ದ. ಪ್ರತಿ ವರ್ಷ ಮೊದಲ ಕಾಲು ಒಳಗೆ ಬಂದ ಕೂಡಲೇ ಅವನು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಗುಡಿಗೆ ಹೋಗಿ ಬರುತ್ತಿದ್ದ. ಎರಡು ಕಾರು, ಏಳು ಲಾರಿ ಇದ್ದರೂ ಗುಡಿಗೆ ಹೋಗುವುದು ಹಳೇ ಬೈಕಿನಲ್ಲೇ. ಇಪ್ಪತ್ತು ವರ್ಷದ ಹಿಂದೆ ಅದಕ್ಕೆ ಬುಟ್ಟಿ ಕಟ್ಟಿ ಹಣ್ಣು ಮಾರಿಯೇ ಧಣಿ ಧಣಿಯಾದದ್ದು. ಭಾಗ್ಯ ಅದರ ಚಕ್ರದಲ್ಲಿದೆ ಎಂದು ಅವನ ನಂಬಿಕೆ. ಹ್ಯಾಂಡಲ್ಲಿಗೆ ಕೆಂಪು ಕಾಗದದ ಹೂ ಕಟ್ಟಿತ್ತು.

"ಧಣಿ, ಒಂದು ನಿಮಿಷ..."

"ಬಂದ್ಮೇಲೆ ಮಾತಾಡೋಣ ಕಣೋ, ನೀನು ಕಲ್ಲಂಗಡಿ ಬೀಜ ತಿಂತಾ ಇರು."

ಬೈಕು ಗೇಟಿನವರೆಗೆ ಹೋಯಿತು. ಗೇಟು ದಾಟಿತು. ದಿಯೆನ್ ಕಣ್ಣು ಮುಚ್ಚಿಕೊಂಡ. ಸ್ಸ್ಸ್ಸ್ ಎಂಬುದು ಕುರ್ಚಿಯವರೆಗೂ ಕೇಳಿಸಿತು.

ಧಣಿ ಇಳಿದು ಬಗ್ಗಿ ಚಕ್ರದಿಂದ ಏನನ್ನೋ ಕಿತ್ತ. ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಕೈ ಮುಚ್ಚಿಕೊಂಡ. "ದಿಯೆನ್" ಎಂದು ಕರೆದ, ಮೆಲ್ಲಗೆ. "ನಿಂಗೆ ಪಂಕ್ಚರ್ ಹಾಕೋಕೆ ಬರುತ್ತಂತಲ್ಲ. ಬಾ."

ಮತ್ತೆ ಬೇಸಿನ್ನು, ಮತ್ತೆ ನೀರು. ಪಂಪು ಧಣಿಯ ಕೊಟ್ಟಿಗೆಯಲ್ಲೇ ಸಿಕ್ಕಿತು. ಉಳಿದದ್ದೆಲ್ಲ ದಿಯೆನ್‌ನ ಸೀಟಿನ ಕೆಳಗಿತ್ತು. ಧಣಿ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತ. ಧಣಿಯ ಹೆಂಡತಿ ಬಾಗಿಲ ಕಂಬ ಹಿಡಿದು ನಿಂತಳು. ಪರದೆಯ ಕೆಳಗಿನ ಪಾದಗಳು ಈಗ ಪರದೆಯ ಈಚೆಗೆ ಬಂದಿದ್ದವು.

"ಇಪ್ಪತ್ತು ವರ್ಷದಲ್ಲಿ ಮೊದಲ ದಿನ ಇದಕ್ಕೆ ಪಂಕ್ಚರ್ ಆದದ್ದಿಲ್ಲ" ಎಂದ ಧಣಿ. "ಬೆಕ್ಕಿನ ಕಾಲಿಗೆ ಹೀಗಾಗಬಾರ್ದು. ನೀನು ಬೆಕ್ಕು ತಾನೆ?"

"ತೊಂಬತ್ತೊಂಬತ್ತು ಧಣಿ. ಚೀಟೀಲಿದೆ."

"ಹುಟ್ಟಿದ ತಿಂಗಳು?"

ದಿಯೆನ್ ಟ್ಯೂಬು ಉಜ್ಜುತ್ತಿದ್ದ. ಧಣಿಯ ಹೆಂಡತಿಯ ಕಣ್ಣಲ್ಲಿ ಸ್ವಲ್ಪ ಕನಿಕರವಿದ್ದಂತೆ ಕಂಡಿತು. ತಾಯಿ ಇಲ್ಲದ ಮಗನ ಕತೆಗೆ ಕರಗದ ಹೆಂಗಸಿಲ್ಲ ಎಂದು ಅವನಿಗೆ ಅನಿಸಿತು. "ತಿಂಗಳೆಲ್ಲ ನಂಗೊತ್ತಿಲ್ಲ ಧಣಿ. ಅಜ್ಜಿ ಹೇಳ್ತಾಳೆ, ನಮ್ಮಮ್ಮ ಬಸುರಿ, ಅಂಥ ದಿನದಲ್ಲೂ ಕೂತು ಒಲೆಗೆ ಸೌದೆ ಹಾಕ್ತಿದ್ಲಂತೆ. ಅಲ್ಲೇ ನೋವು ಬಂತಂತೆ. ನಾನು ಹುಟ್ಟಿದಾಗ ಕಡುಬಿನ ಹಂಡೆ ಇನ್ನೂ ಒಲೆ ಮೇಲೆ ಕುದೀತಿತ್ತಂತೆ."

"ಅಯ್ಯೋ ಪಾಪ" ಎಂದಳು ಧಣಿಯ ಹೆಂಡತಿ. ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಆಮೇಲೆ ಹೇಳಿದಳು: "ಕಡುಬಿನ ಹಂಡೆ ಇಡೋದು ಹಬ್ಬದ ಹಿಂದಿನ ದಿನ ಅಲ್ವಾ?"

ಧಣಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ಹಬ್ಬ ಇನ್ನೂ ಬಂದಿರ್ಲಿಲ್ಲ ಅಂದ್ರೆ" ಎಂದ ಧಣಿ ನಿಧಾನಕ್ಕೆ, "ಹೊಸ ವರ್ಷ ಇನ್ನೂ ಹುಟ್ಟಿರ್ಲಿಲ್ಲ. ಚೀಟಿ ಏನಾದ್ರೂ ಹೇಳ್ಲಿ, ಇಸವಿ ಜನವರಿಗೇ ಬದಲಾಗುತ್ತೆ, ಪ್ರಾಣಿ ಬದಲಾಗೋದು ಹಬ್ಬಕ್ಕೆ. ನೀನು ಹಿಂದಿನ ವರ್ಷದವನು."

ಬೆಕ್ಕಿನ ಹಿಂದಿನದು ಯಾವುದು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ದಿಯೆನ್‌ಗೂ ಗೊತ್ತಾಯಿತು. ಕೈಯಲ್ಲಿದ್ದ ಟ್ಯೂಬು ಬೇಸಿನ್ನಿಗೆ ಜಾರಿ ಗುಳುಗುಳು ಎಂದಿತು.

"ಹುಲಿ" ಎಂದಳು ಧಣಿಯ ಹೆಂಡತಿ, ಗಂಡನ ಕಡೆ ನೋಡುತ್ತ. ಗಂಡ ಹುಟ್ಟಿದ್ದು ಹಂದಿಯ ವರ್ಷದಲ್ಲಿ. "ಹಂದಿಯ ಮನೆಗೆ ನಾವೇ ಕರೆದು ಹುಲಿ ನುಗ್ಗಿಸಿಕೊಂಡ್ವಲ್ಲ!"

"ಅಮ್ಮಾ, ಪಂಚಾಂಗ ತಂದವಳು ನಾನು, ಅವನೇನು ಮಾಡ್ದ?" ಥಾವ್ ಮುಂದೆ ಬಂದಳು. ಧಣಿ ಕೈಯೆತ್ತಿ ಇಬ್ಬರನ್ನೂ ಸುಮ್ಮನಿರಿಸಿದ.

"ಪ್ಯಾಚು ಹಾಕು" ಎಂದ.

ದಿಯೆನ್ ಹಾಕಿದ. ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಹಾಕಿರಲಿಲ್ಲ. ಊದಲಿಲ್ಲ, ಉಗುಳು ಬೀಳಲಿಲ್ಲ, ಕಬ್ಬಿಣ ಕಚ್ಚಲಿಲ್ಲ. ಗಾಳಿ ತುಂಬಿ, ಒದ್ದೆ ಬಟ್ಟೆಯಲ್ಲಿ ಚಕ್ರ ಒರೆಸಿ, ಬಿದ್ದಿದ್ದ ಕೆಂಪು ಕಾಗದದ ಹೂವನ್ನೂ ಕಟ್ಟಿ ಎದ್ದು ನಿಂತ. ಇನ್ನು ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ ಎನಿಸಿದಾಗ ಮನುಷ್ಯನಿಗೆ ಧೈರ್ಯ ಬರುತ್ತದೆ.

"ಧಣಿ, ಬೆಕ್ಕೋ ಹುಲಿಯೋ ನಂಗೊತ್ತಿಲ್ಲ. ಹಣ್ಣು ಹಿಡಿಯುವಾಗ ಯಾವತ್ತೂ ಯಾರೂ ಕೇಳಿಲ್ಲ. ಥಾವ್‌ನ ನಂಗೆ ಕೊಡ್ತೀರಾ?"

ಧಣಿಯ ಬಾಯಿ ತೆರೆಯಿತು. ಒಳಗೆ ಒಂದು 'ಇಲ್ಲ' ತುದಿಗಾಲಲ್ಲಿ ನಿಂತದ್ದು ಎಲ್ಲರಿಗೂ ಕಂಡಿತು. ಆದರೆ ವರ್ಷದ ಮೊದಲ ದಿನ. ಮೊದಲೇ ಹುಲಿ ನುಗ್ಗಿದ ಮನೆ. ಧಣಿ ಬಾಯಿ ಮುಚ್ಚಿ, ಅದನ್ನು ನುಂಗಿ, ಒಳಗೆ ಹೋದ. ಬರುವಾಗ ಕೈಯಲ್ಲಿ ಹಬ್ಬದ ದುಡ್ಡು ಹಾಕಿಕೊಡುವ ಕೆಂಪು ಲಕೋಟೆಯಿತ್ತು. ಎರಡೂ ಕೈಯಲ್ಲಿ ಹಿಡಿದು, ದೊಡ್ಡವರಿಗೆ ಕೊಡುವ ಹಾಗೆ ಕೊಟ್ಟ.

"ನನ್ನ ಉತ್ತರ ಇದ್ರಲ್ಲಿದೆ" ಎಂದ. "ಇಲ್ಲಿ ಬಿಚ್ಚಬೇಡ, ಅದು ಮರ್ಯಾದೆ ಅಲ್ಲ. ಮನೆಗೆ ಹೋಗಿ ಅಜ್ಜಿ ಮುಂದೆ ಬಿಚ್ಚು."

ಎರಡೂ ಕೈಯಲ್ಲಿ ಕೊಟ್ಟರು! ಥಾವ್‌ಳ ಕಣ್ಣು ತುಂಬಿತು, ನಕ್ಕಳು. ದಿಯೆನ್ ಸೊಂಟ ಬಗ್ಗಿಸಿ ಲಕೋಟೆ ತೆಗೆದುಕೊಂಡು ಅಂಗಿಯ ಎದೆಜೇಬಿನಲ್ಲಿಟ್ಟ. ಹದಿನಾಲ್ಕು ಕಿಲೋಮೀಟರು ಹೇಗೆ ಬಂದನೋ ಅವನಿಗೆ ತಿಳಿಯಲಿಲ್ಲ. ಸೇತುವೆಯ ಮೇಲಿನ ಪ್ರತಿ ಉಬ್ಬಿನಲ್ಲೂ ಎದೆಗೆ ಏನೋ ಚುಚ್ಚಿದಂತಾಗುತ್ತಿತ್ತು. ಪ್ರೀತಿ ಅಂದರೆ ಹೀಗೇ ಇರಬೇಕು ಎಂದುಕೊಂಡ.

ಓಣಿ ಅವನಿಗಾಗಿ ಕಾದಿತ್ತು. ಧಣಿಯ ಹೆಂಡತಿ ತಂಗಿಗೆ ಫೋನು ಮಾಡಿದ್ದಳು, ತಂಗಿಯ ಗಂಡ ತಾಂಗ್‌ನ ಬೀಗ.

"ಬಂತು ನೋಡ್ರಪ್ಪಾ ಹುಲಿ!" ಎಂದ ತಾಂಗ್. "ಕಾಲು ಸವೆಯೋದಿರ್ಲಿ, ಉಗುರೇ ಇತ್ತಲ್ಲೋ ಅದಕ್ಕೆ! ನಮ್ಮ ಸಾರಾಯಿ ಬಾಟ್ಲಿ ಒಡೀತು, ಗೊತ್ತಾ?"

"ಬೆಳಿಗ್ಗೆನೇ ಅಂದ್ಕೊಂಡೆ" ಎಂದಳು ಊತ್ ಅತ್ತೆ. "ಹಣ್ಣು ಒಳಗೆಲ್ಲ ಬೆಳ್ಳಗಿತ್ತು. ಮನೆಗೆ ಬಂದವನಿಗೆ ನೋವಾಗ್ಬಾರ್ದು ಅಂತ ಕೆಂಪು ಅಂದೆ."

ಲಾಮ್ ನೀಲಿ ಗೇಟಿನ ಸಂದಿಯಿಂದ ಕೈ ಮಾತ್ರ ಹೊರಗೆ ಚಾಚಿದ. "ಪಂಪು ಉಡುಗೊರೆ ಕೊಡು. ಈಗ್ಲೇ ಕೊಡು. ಗೇಟು ಮುಟ್ಬೇಡ!"

ದಿಯೆನ್ ಪಂಪು ಕೊಟ್ಟ, ಪೆಟ್ಟಿಗೆ ಕೊಟ್ಟ, ಯಾರಿಗೂ ಮರುಮಾತಾಡಲಿಲ್ಲ. ಎದೆಜೇಬಿನಲ್ಲಿ ಉತ್ತರ ಇದ್ದವನು ಓಣಿಗೆ ಯಾಕೆ ಉತ್ತರ ಕೊಡಬೇಕು? ನೇರ ಹೋಗಿ ಅಜ್ಜಿಯ ಪಕ್ಕ ಕೂತ.

"ಅಜ್ಜಿ, ನಾನು ಹುಲಿಯಂತೆ."

"ಹುಲಿ ಅಲ್ಲದೆ ಇನ್ನೇನು? ನಾನು ಬೆಳಿಗ್ಗೆಯಿಂದ ಕೂಗ್ತಾನೇ ಇದ್ದೀನಿ. ನನ್ನ ಯಾರು ಕೇಳಿದ್ರು?"

"ಹೋಗ್ಲಿ ಬಿಡು. ಧಣಿ ಉತ್ತರ ಕೊಟ್ಟಿದ್ದಾರೆ. ನಿನ್ನ ಮುಂದೇನೇ ಬಿಚ್ಚಬೇಕಂತೆ. ಎರಡೂ ಕೈಯಲ್ಲಿ ಕೊಟ್ರು ಅಜ್ಜಿ!" ಲಕೋಟೆಯನ್ನು ಅಜ್ಜಿಯ ಕೈಗಿಟ್ಟ.

ಅಜ್ಜಿ ಅಂಚು ಹರಿದು ಅಂಗೈಗೆ ಬಗ್ಗಿಸಿದಳು. ಒಳಗಿದ್ದದ್ದು ಉರುಳಿಬಂದು ಅಂಗೈಯ ಮಧ್ಯೆ ನಿಂತಿತು. ಅರ್ಧ ಬೆರಳುದ್ದ. ಸೊಂಟದಲ್ಲಿ ಬಗ್ಗಿದ್ದು. ತಲೆಗೆ ನೀಲಿ ಬಣ್ಣ.

ಹೊರಗೆ ಬೈಕಿನ ಹಿಂದಿನ ಚಕ್ರ ಸ್ಸ್ಸ್ ಎನ್ನತೊಡಗಿತು. ಉಗುಳು ಬಿದ್ದ ಪ್ಯಾಚಿರಬೇಕು.

ಅಜ್ಜಿ ಮೊಳೆಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದಳು. ಗುರುತು ಸಿಕ್ಕಿತು. ಸುಕ್ಕು ಮುಖವೆಲ್ಲ ಅರಳಿತು.

"ನಮ್ದು!" ಎಂದಳು. "ಎಷ್ಟು ಒಳ್ಳೆ ಮನುಷ್ಯ ನೋಡು. ಮೊದಲ ದಿನ ನಮ್ಮನೇದು ಆಚೆ ಉಳೀಬಾರ್ದು ಅಂತ ಲಕೋಟೇಲಿ ಹಾಕಿ ವಾಪಸ್ ಕಳಿಸಿದ್ದಾನೆ."